ಮುಕ್ತ ವೆಬ್ ಪ್ರಾಕ್ಸಿ: ದುರ್ಬಳಕೆ ತಡೆಯ ಇತಿಹಾಸ

ಮುಕ್ತ ವೆಬ್ ಪ್ರಾಕ್ಸಿ ಎಂದರೆ ಬಳಕೆದಾರರ ಪರವಾಗಿ ಜಾಲತಾಣಕ್ಕೆ ಹೋಗಿ ಪುಟ ತಂದುಕೊಡುವ, ಯಾರು ಕೇಳಿದರೂ ಇಲ್ಲವೆನ್ನದ ಸರ್ವರ್. ಪುಟ ಕೊಟ್ಟ ತಾಣಕ್ಕೆ ಕಾಣುವುದು ಪ್ರಾಕ್ಸಿಯ ಐಪಿ ವಿಳಾಸ. ಅದರ ಹಿಂದೆ ನಿಂತವರು ಕಾಣುವುದಿಲ್ಲ. ಇದರ ಉಪಕಾರ, ಅಪಕಾರ ಎರಡೂ ಈ ಒಂದೇ ಗುಣದಿಂದ ಹುಟ್ಟಿದವು.

ಪ್ರಾಕ್ಸಿ ಹುಟ್ಟಿದ್ದು ಮರೆಮಾಚಲಿಕ್ಕಲ್ಲ, ಸಂಸ್ಥೆಯ ಫೈರ್‌ವಾಲ್ ಒಳಗಿನಿಂದ ವೆಬ್ ತಲುಪಲಿಕ್ಕೆ ಮತ್ತು ಬ್ಯಾಂಡ್‌ವಿಡ್ತ್ ಉಳಿತಾಯಕ್ಕೆ. 1994ರ ಹೊತ್ತಿಗೆ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ವೆಬ್ ಸರ್ವರಿಗೆ ಈ ಸೌಲಭ್ಯ ಬಂತು. 1996ರಲ್ಲಿ ಬಂದ ಸ್ಕ್ವಿಡ್ ತಂತ್ರಾಂಶ, ಒಮ್ಮೆ ತಂದ ಪುಟವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೊಬ್ಬರಿಗೆ ಕೊಡುವುದನ್ನು ಕಾಲೇಜು, ಕಚೇರಿಗಳಲ್ಲಿ ರೂಢಿಗೆ ತಂದಿತು. ಸರಿಯಾಗಿ ಹೊಂದಿಸದ ಪ್ರಾಕ್ಸಿಗಳು ಮಾತ್ರ ಊರಿಗೆಲ್ಲ ತೆರೆದುಕೊಂಡವು. ‘ಕನೆಕ್ಟ್’ ಎಂಬ ಆದೇಶವನ್ನು ಪ್ರಾಕ್ಸಿಗೆ ಕೊಟ್ಟು ಇಮೇಲ್ ಸಾಗುವ 25ನೇ ಪೋರ್ಟಿಗೆ ದಾರಿ ಮಾಡಿಕೊಂಡರೆ ಕಸದ ಇಮೇಲ್‌ಗಳನ್ನು ಬೇರೆಯವರ ಹೆಸರಿನಲ್ಲಿ ಸುರಿಯಬಹುದಿತ್ತು. ಸ್ಕ್ವಿಡ್‌ನ ಸಿದ್ಧ ಸಂರಚನೆಯಲ್ಲಿ ಇದಕ್ಕೆ ಮದ್ದಿದೆ: ಗೊತ್ತಾದ ಪೋರ್ಟುಗಳ ಹೊರತು ಬೇರೆಡೆಗೆ ಹೋಗಗೊಡದ ಒಂದು ಸಾಲು, ‘ಕನೆಕ್ಟ್’ ಅನ್ನು ಸುರಕ್ಷಿತ ವೆಬ್ ಸಂಪರ್ಕದ 443ನೇ ಪೋರ್ಟಿಗಷ್ಟೇ ಬಿಡುವ ಇನ್ನೊಂದು ಸಾಲು, ಕೊನೆಗೆ ಮಿಕ್ಕವರೆಲ್ಲರನ್ನೂ ನಿರಾಕರಿಸುವ ಸಾಲು. ಆ ಕೊನೆಯ ಸಾಲನ್ನು ಅವಸರಕ್ಕೆ ಅಳಿಸಿದ ಕಡೆಗಳಲ್ಲೆಲ್ಲ ಪ್ರಾಕ್ಸಿ ಬೀದಿಯ ಪಾಲಾಯಿತು.

ಜ್ಞಾನಭಂಡಾರಗಳಿಗೆ ಇದರ ಪೆಟ್ಟು ಬಿದ್ದದ್ದು 2002ರಲ್ಲಿ. ವಿಶ್ವವಿದ್ಯಾಲಯಗಳ ತೆರೆದ ಪ್ರಾಕ್ಸಿಗಳ ಮೂಲಕ ಒಳಬಂದವರು ಜೆಸ್ಟೋರ್ ಎಂಬ ಜರ್ನಲ್ ಸಂಗ್ರಹದಿಂದ 50,000ಕ್ಕೂ ಹೆಚ್ಚು ಲೇಖನಗಳನ್ನು ಇಳಿಸಿಕೊಂಡರು. ಚಂದಾ ಕಟ್ಟಿದ ವಿಶ್ವವಿದ್ಯಾಲಯದ ಐಪಿ ವಿಳಾಸವೇ ಆಗ ಗುರುತಿನ ಚೀಟಿ. ಆ ವಿಳಾಸ ಯಾರ ಕೈಗೆ ಬೇಕಾದರೂ ಸಿಗುವಾಗ ಅದನ್ನು ನಂಬಿ ಬಾಗಿಲು ತೆರೆಯುವುದು ತಪ್ಪು ಎಂಬುದು ಗ್ರಂಥಾಲಯಗಳಿಗೆ ಮನವರಿಕೆಯಾಯಿತು.

ತೆರೆದೇ ಇಟ್ಟು ಕಾಯುವುದು ಹೇಗೆ ಎಂಬ ಕಷ್ಟದ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೊಡೀನ್ ಯೋಜನೆ. 2003ರಲ್ಲಿ ಶುರುವಾದ ಈ ಪ್ರಾಕ್ಸಿ ಜಾಲಕ್ಕೆ ಸ್ಪ್ಯಾಮ್ ಕಳಿಸುವವರು, ಪಾಸ್‌ವರ್ಡ್ ಊಹಿಸುವವರು, ಬ್ಯಾಂಡ್‌ವಿಡ್ತ್ ನುಂಗುವವರು, ಚಂದಾದ ಜರ್ನಲ್‌ಗಳಿಗೆ ಹೊಂಚು ಹಾಕುವವರು ಒಟ್ಟಿಗೇ ಮುಗಿಬಿದ್ದರು. ಸಂಶೋಧಕರು ಬಾಗಿಲು ಮುಚ್ಚಲಿಲ್ಲ. ಪ್ರಾಕ್ಸಿ ಇರುವ ಸಂಸ್ಥೆಯವರಿಗೆ ಒಂದು ಬಗೆಯ, ಹೊರಗಿನವರಿಗೆ ಇನ್ನೊಂದು ಬಗೆಯ ಅಧಿಕಾರ ಕೊಟ್ಟರು. ಕೋರಿಕೆಗಳ ವೇಗಕ್ಕೆ ಮಿತಿ ಹಾಕಿದರು. ಮಲೆನಾಡಿನ ತೋಟದ ಬೇಲಿಗೆ ಇಡುವ ತಡಬೆಯ ಕೆಲಸ ಇದು: ಜನ ದಾಟಬಹುದು, ದನ ನುಗ್ಗುವಂತಿಲ್ಲ. 2006ರಲ್ಲಿ ಅದೇ ಬಳಗ ಪುಟದೊಳಗೆ ಕಣ್ಣಿಗೆ ಕಾಣದ ಕೊಂಡಿಯೊಂದನ್ನು ಸೇರಿಸಿತು. ಮನುಷ್ಯರು ಅದನ್ನು ಒತ್ತಲಾರರು, ಯಂತ್ರ ಮಾತ್ರ ಬೆನ್ನುಹತ್ತಿ ಸಿಕ್ಕಿಬೀಳುತ್ತದೆ. ಮೌಸ್ ಅಲುಗಿದ್ದನ್ನು ಗಮನಿಸಿ ಮನುಷ್ಯರನ್ನು ಗುರುತಿಸುವ ಉಪಾಯವೂ ಅದರಲ್ಲಿತ್ತು. ಈ ಇತಿಹಾಸದಲ್ಲಿ ಇಷ್ಟು ವಿವೇಕದ ಹೆಜ್ಜೆ ಇನ್ನೊಂದಿಲ್ಲ.

ಕರ್ನಾಟಕದ ದಾರಿ ಪೊಲೀಸ್ ಮತ್ತು ಕಾನೂನಿನದು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. 2004ರಲ್ಲಿ ರಾಜ್ಯ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದಿತು. 2011ರ ಕೇಂದ್ರ ನಿಯಮಗಳ ಪ್ರಕಾರ ಗ್ರಾಹಕರ ಗುರುತಿನ ದಾಖಲೆ ಪಡೆಯಬೇಕು. ನೋಡಿದ ತಾಣಗಳ ವಿವರ ಮತ್ತು ಕೆಫೆಯ ಪ್ರಾಕ್ಸಿ ಸರ್ವರಿನ ಲಾಗ್‌ಗಳನ್ನು ಕನಿಷ್ಠ 1 ವರ್ಷ ಕಾಪಿಡಬೇಕು. ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು, ಪ್ರಾಕ್ಸಿಯಂತೆಯೇ ಬಳಕೆದಾರರ ವಿಳಾಸ ಮರೆಮಾಡುವ ವಿಪಿಎನ್ ಸಂಸ್ಥೆಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದಿತು. ಕೆಲವು ಸಂಸ್ಥೆಗಳು ತಮ್ಮ ಸರ್ವರ್‌ಗಳನ್ನೇ ಭಾರತದಿಂದ ತೆಗೆದವು. ಲಾಗ್ ಕೂಡಿಟ್ಟರೆ ಅಪರಾಧಿಯನ್ನು ಆಮೇಲೆ ಹುಡುಕಲು ನೆರವಾದೀತು. ಅಪರಾಧವನ್ನು ಅದು ತಡೆಯುವುದಿಲ್ಲ, ನಿರಪರಾಧಿಗಳ ಓದಿನ ಜಾಡನ್ನೂ ಕೂಡಿಡುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ತಾಲ್ಲೂಕು ಊರುಗಳ ಕಾಲೇಜುಗಳಿಗೆ ಹೆಚ್ಚು ಅನುಕೂಲವಾದದ್ದು 2010ರಲ್ಲಿ ಶುರುವಾದ ಎನ್-ಲಿಸ್ಟ್ ಯೋಜನೆಯ ದಾರಿ. ಗುಜರಾತಿನ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಯೋಜನೆಗೆ ಸೇರಿದ ಕಾಲೇಜಿನ ಪ್ರತಿ ಅಧ್ಯಾಪಕರಿಗೂ ವಿದ್ಯಾರ್ಥಿಗೂ ಪ್ರತ್ಯೇಕ ಲಾಗಿನ್ ಸಿಗುತ್ತದೆ. ಕೇಂದ್ರದ ಸರ್ವರ್ ಗುರುತು ಖಾತ್ರಿ ಮಾಡಿಕೊಂಡು 6,000ಕ್ಕೂ ಹೆಚ್ಚು ಇ-ಜರ್ನಲ್‌ಗಳಿಗೆ ದಾರಿ ಬಿಡುತ್ತದೆ. ಇಲ್ಲಿ ಅನುಮತಿ ವಿಳಾಸಕ್ಕಲ್ಲ, ವ್ಯಕ್ತಿಗೆ. ಹಾಗಾಗಿ ತಪ್ಪು ಮಾಡಿದವರ ಖಾತೆಯನ್ನಷ್ಟೇ ನಿಲ್ಲಿಸಬಹುದು, ಇಡೀ ಕಾಲೇಜನ್ನು ಶಿಕ್ಷಿಸಬೇಕಿಲ್ಲ.

ವಿಳಾಸವನ್ನೇ ನಿರ್ಬಂಧಿಸುವ ಪದ್ಧತಿಯಿಂದ ಹೆಚ್ಚು ನೋಯುವವರು ಮೊಬೈಲ್ ಇಂಟರ್‌ನೆಟ್ ಒಂದನ್ನೇ ನೆಚ್ಚಿದವರು. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಅವರಲ್ಲಿ ಒಬ್ಬರ ಕಿಡಿಗೇಡಿತನಕ್ಕೆ ಎಲ್ಲರ ದಾರಿಯೂ ಮುಚ್ಚುತ್ತದೆ. ಕೋವಿಡ್ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳಿಗೆ ಇದು ಸಣ್ಣ ತೊಂದರೆಯಲ್ಲ. ಉದಾಹರಣೆಗೆ, ಮುಕ್ತ ಪ್ರಾಕ್ಸಿಗಳ ಮೂಲಕ ಪುಟಗಳನ್ನು ತಿದ್ದದಂತೆ ವಿಕಿಪೀಡಿಯದಂಥ ವಿಕಿಮೀಡಿಯ ಯೋಜನೆಗಳು ನಿರ್ಬಂಧ ಹಾಕುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಅದು ಅನ್ವಯಿಸುತ್ತದೆ. ತಮ್ಮ ತಪ್ಪಿಲ್ಲದೆ ಈ ತಡೆಗೆ ಸಿಕ್ಕವರು, ಖಾತೆಯಿದ್ದರೆ, ಐಪಿ ನಿರ್ಬಂಧದಿಂದ ವಿನಾಯಿತಿ ಕೋರಿ ಅರ್ಜಿ ಹಾಕಬಹುದು.