ಸಿಂಕಿಗೆ ಸುರಿದ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಗೆಳತಿಯರೇ, ಹಬ್ಬದ ಮರುದಿನ ಕರಿದೆಣ್ಣೆಯ ಬಾಣಲೆಯನ್ನು ಸಿಂಕಿಗೆ ಬಗ್ಗಿಸಿ, ಮೇಲಿಂದ ಬಿಸಿನೀರು ಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿಯುವುದು ನಮ್ಮ ಕೆಲಸ ಮಾತ್ರ. ಎಣ್ಣೆಯ ಪಯಣ ಅಲ್ಲಿಂದಲೇ ಶುರು.

ನನ್ನ ಅಜ್ಜಿಯ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ. ಮಿಕ್ಕ ಎಣ್ಣೆ ಒಗ್ಗರಣೆಗೆ, ಪಾತ್ರೆಯ ಜಿಡ್ಡು ಒಲೆಬೂದಿ ಮತ್ತು ತೆಂಗಿನ ನಾರಿಗೆ, ತೊಳೆದ ನೀರು ಹಿತ್ತಲ ಬಾಳೆಗೆ. ಕೊಳವೆಯೇ ಇಲ್ಲದ ಮೇಲೆ ಕಟ್ಟಿಕೊಳ್ಳುವುದೇನು?

ಕೊಳವೆಯ ಕಥೆಗೆ ಲಂಡನ್ನಿಗೆ ಹೋಗಬೇಕು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಅಲ್ಲಿನ ಪಾರ್ಲಿಮೆಂಟೇ ಕಂಗೆಟ್ಟಿತು. ಆಮೇಲೆ ಎಂಜಿನಿಯರ್ ಜೋಸೆಫ್ ಬಜಲ್ಜೆಟ್ ನೆಲದಡಿ ಇಟ್ಟಿಗೆಯ ಒಳಚರಂಡಿ ಜಾಲ ಕಟ್ಟಿದರು. ಅದೇ ನಗರದ ವೈಟ್‌ಚಾಪಲ್‌ನಲ್ಲಿ 2017ರಲ್ಲಿ ಚರಂಡಿ ಕಟ್ಟಿಕೊಂಡಾಗ ಒಳಗೆ ಸಿಕ್ಕಿದ್ದು 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಬಂಡೆ! ಅದರ ತುಂಡೊಂದನ್ನು ಮರುವರ್ಷ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೂ ಇಟ್ಟರು.

ಎಣ್ಣೆ ಬಂಡೆಯಾಗುವುದು ಹೇಗೆ? ಬಿಸಿನೀರಿನಲ್ಲಿ ಕರಗಿದ ಕೊಬ್ಬು ಮುಂದೆ ಹೋಗಿ ತಣ್ಣಗಾಗಿ ಕೊಳವೆಯ ಗೋಡೆಗೆ ಅಂಟುತ್ತದೆ. ಅಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿ ಸಾಬೂನಿನಂತಾಗುತ್ತದೆ. ಬಟ್ಟೆಚೂರು, ವೈಪ್ಸ್, ಕೂದಲು ಸಿಕ್ಕಿಕೊಂಡು ದಿನೇ ದಿನೇ ಬೆಳೆಯುತ್ತದೆ.

ಲಂಡನ್ನಿನಲ್ಲಿ ಅದನ್ನು ಒಡೆಯಲು ರಕ್ಷಾಕವಚ ತೊಟ್ಟ ಕೆಲಸಗಾರರು, ನೀರಿನ ಜೆಟ್ ಯಂತ್ರಗಳು ಬಂದವು. ನಮ್ಮಲ್ಲಿ ಇಂದಿಗೂ ಎಷ್ಟೋ ಕಡೆ ಮನುಷ್ಯನೇ ಮ್ಯಾನ್‌ಹೋಲ್‌ಗೆ ಇಳಿಯುತ್ತಾನೆ. ಕೊಳೆತ ಕಸದಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲದು. ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆದರೂ ಸಾವುಗಳು ನಿಂತಿಲ್ಲ. ಈ ಅನಿಷ್ಟದ ವಿರುದ್ಧ ದಶಕಗಳಿಂದ ಹೋರಾಡುತ್ತ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯೂರಿನಲ್ಲಿ ಹುಟ್ಟಿದವರು.

ಯಂತ್ರ ತರಿಸುವುದು, ಕಾಯ್ದೆ ಪಾಲಿಸುವುದು ಸರ್ಕಾರದ ಹೊಣೆ. ಚರಂಡಿ ಕಟ್ಟದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಪಾಲೂ ಇದೆ. ಬಾಣಲೆ, ತಟ್ಟೆಗಳ ಜಿಡ್ಡನ್ನು ಹಳೆಯ ಕಾಗದದಿಂದ ಒರೆಸಿ ಕಸದ ಬುಟ್ಟಿಗೆ ಹಾಕೋಣ. ಸಿಂಕಿಗೆ ಜಾಲರಿ ಇಡೋಣ. ಕರಿದೆಣ್ಣೆ ಆರಿದ ಮೇಲೆ ಬಾಟಲಿಗೆ ತುಂಬಿಡೋಣ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಆರಂಭಿಸಿದೆ. ಸಂಗ್ರಹಿಸುವವರು ಊರಲ್ಲಿದ್ದರೆ ಇಡೀ ಸೊಸೈಟಿಯ ಎಣ್ಣೆ ಕೂಡಿಸಿ ಕೊಡಬಹುದು.

ಅಜ್ಜಿಯ ಒಲೆಬೂದಿ ಮರಳಿ ಬಾರದು. ಅದು ಮಾಡುತ್ತಿದ್ದ ಕೆಲಸವನ್ನು ಒಂದು ಹಾಳೆ ಕಾಗದ ಮಾಡೀತು.