ಖರೀದಿಯಾದರೂ ಕಾಯಬೇಕಾದ ಮತಯಂತ್ರ: 1989–1998ರ ವಿಳಂಬದ ಮರುಪರಿಶೀಲನೆ

ವಿದ್ಯುನ್ಮಾನ ಮತಯಂತ್ರ ಬಳಕೆಗೆ ಬರಲು ಅಷ್ಟು ವರ್ಷ ಹಿಡಿದದ್ದೇಕೆ? ಕಾನೂನು ಅಡ್ಡ ಬಂತು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ವಿಳಂಬದ ಮೊದಲ ಭಾಗಕ್ಕಷ್ಟೇ ಹೊಂದುತ್ತದೆ.

ಆ ಭಾಗದ ಬಗ್ಗೆ ವಿವಾದವಿಲ್ಲ. 1982ರ ಮೇನಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರ ಬಳಕೆಯಾಯಿತು. ಚುನಾವಣೆಗೆ ಮೊದಲೇ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದ ಸಿಪಿಐನ ಶಿವನ್ ಪಿಳ್ಳೈ ಅವರೇ 123 ಮತಗಳಿಂದ ಗೆದ್ದರು. ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ನ್ಯಾಯಾಲಯದ ಮೆಟ್ಟಿಲೇರಿದರು. 1984ರಲ್ಲಿ ಸುಪ್ರೀಂ ಕೋರ್ಟ್ ಆ 50 ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. ಆಗಿನ ಕಾಯ್ದೆ, ನಿಯಮಗಳಲ್ಲಿ ಯಂತ್ರಕ್ಕೆ ಅವಕಾಶವಿಲ್ಲ ಎಂಬುದು ತೀರ್ಪಿನ ತಿರುಳು. 1988ರ ಡಿಸೆಂಬರಿನಲ್ಲಿ ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಯಂತ್ರ ಬಳಕೆಗೆ ಅವಕಾಶ ಕೊಡುವ 61ಎ ಕಲಮನ್ನು ಸೇರಿಸಿತು. 1989ರ ಮಾರ್ಚ್ 15ರಂದು ಅದು ಜಾರಿಗೆ ಬಂತು.

ತೊಡಕಿರುವುದು ಅನಂತರದ ಒಂಬತ್ತೂವರೆ ವರ್ಷಗಳಲ್ಲಿ. ಸರ್ಕಾರಿ ಉದ್ಯಮಗಳಾದ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ 1989–90ರಲ್ಲೇ ಯಂತ್ರಗಳನ್ನು ತಯಾರಿಸಿದ್ದವು. ಕರೆಂಟಿಲ್ಲದ ಹಳ್ಳಿಯಲ್ಲೂ ಬ್ಯಾಟರಿಯಿಂದ ನಡೆಯುವ ಯಂತ್ರವದು: ಮತಗಟ್ಟೆ ಅಧಿಕಾರಿಯ ಮುಂದೆ ನಿಯಂತ್ರಣ ಘಟಕ, ಮರೆಯಲ್ಲಿ ಮತ ಘಟಕ, ನಡುವೆ ಒಂದು ಕೇಬಲ್. ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿಯ ಸಲಹೆಯಂತೆ ಪರಿಶೀಲಿಸಿದ ತಜ್ಞರ ಸಮಿತಿ, ತಾಂತ್ರಿಕವಾಗಿ ಯಂತ್ರ ಭದ್ರವಾಗಿದೆ ಎಂದು 1990ರಲ್ಲಿ ವರದಿ ಕೊಟ್ಟಿತು. ಕಾನೂನು ಸಿದ್ಧ, ಯಂತ್ರ ಸಿದ್ಧ, ಕೊಳ್ಳುವವರೂ ಸಿದ್ಧ. ಆದರೂ ಆ ಯಂತ್ರಗಳ ಪ್ರಯೋಗ ನಡೆದದ್ದು 1998ರ ನವೆಂಬರಿನಲ್ಲಿ, ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ.

ಕಾನೂನೊಂದೇ ಕಾರಣವಾಗಿದ್ದರೆ ಈ ಅಂತರಕ್ಕೆ ಅರ್ಥವಿಲ್ಲ. ಇಲ್ಲಿ ಹಣ ಕೊಡುವವರು ಒಬ್ಬರು, ಒಪ್ಪಬೇಕಾದವರು ಬೇರೆ. ಖರೀದಿ ಚುನಾವಣಾ ಆಯೋಗದ್ದಾದರೂ, ಫಲಿತಾಂಶಕ್ಕೆ ತಲೆಬಾಗಬೇಕಾದವರು ಸೋಲುವ ಪಕ್ಷಗಳು. ಒಮ್ಮತ ಮೂಡಿದ್ದು 1998ರಲ್ಲಿ ಎಂದು ಆಯೋಗವೇ ಹೇಳುತ್ತದೆ. ಹಾಗಾಗಿ ಪಕ್ಷಗಳ ಒಪ್ಪಿಗೆಯ ಕೊರತೆಯೇ ಎರಡನೆಯ ಹಂತದ ಮುಖ್ಯ ಅಡ್ಡಿ ಎಂಬುದು ಈ ಲೇಖನದ ವಾದ. ಮುಖ್ಯ ಅಡ್ಡಿ, ಏಕೈಕ ಅಡ್ಡಿಯಲ್ಲ. ಆ ದಶಕದಲ್ಲಿ ಕೇಂದ್ರ ಸರ್ಕಾರಗಳು ಪದೇ ಪದೇ ಉರುಳಿದವು, ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಆಯೋಗದ ಗಮನ ಬಹುಮಟ್ಟಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಮತ್ತು ಚುನಾವಣಾ ವೆಚ್ಚದ ಮೇಲಿತ್ತು. ಇವೂ ವಿಳಂಬಕ್ಕೆ ಪಾಲು ಕೊಟ್ಟಿರಬಹುದು. ಒಮ್ಮತವೆಂಬುದು ಆಯೋಗದ ಹಿನ್ನೋಟದ ವಿವರಣೆ ಎಂಬುದನ್ನೂ ಮರೆಯುವಂತಿಲ್ಲ.

ಅನಂತರದ ವೇಗ ಈ ವಾದಕ್ಕೆ ಪೂರಕವಾಗಿದೆ. 1999ರಲ್ಲಿ ಗೋವಾ ವಿಧಾನಸಭೆಯ ಎಲ್ಲ ಕ್ಷೇತ್ರಗಳಿಗೆ, 2004ರಲ್ಲಿ ಲೋಕಸಭೆಯ 543 ಕ್ಷೇತ್ರಗಳಿಗೂ ಯಂತ್ರ ಬಂತು. ಆದರೆ ಆ ಒಪ್ಪಿಗೆಯನ್ನು ಗಳಿಸಿಕೊಟ್ಟದ್ದು 16 ಕ್ಷೇತ್ರಗಳ ಅನುಭವವೇ, ಅಥವಾ ಅದಕ್ಕೆ ಮೊದಲೇ ಪಕ್ಷಗಳ ನಿಲುವು ಬದಲಾಗಿತ್ತೇ ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ. ಅದಕ್ಕೆ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ ಚುನಾವಣಾ ಕಚೇರಿಗಳ ಕಡತಗಳನ್ನು ಪಕ್ಷಗಳ ನಿರ್ಣಯಗಳ ಜೊತೆಗಿಟ್ಟು ಓದಬೇಕು.