ವಿದೇಶದಲ್ಲಿ ಬಳಸುವ ದಾಖಲೆಗಳ ದೃಢೀಕರಣ: ಅಪೊಸ್ಟಿಲ್ ಮತ್ತು ಸಂಬಂಧಿತ ಪದಗಳ ವಿವರಣೆ

ವ್ಯಾಸಂಗ, ಉದ್ಯೋಗ ಅಥವಾ ಕುಟುಂಬ ವೀಸಾ ನಿಮಿತ್ತ ವಿದೇಶಕ್ಕೆ ತೆರಳುವವರು ಜನನ ಪ್ರಮಾಣ ಪತ್ರ, ವಿವಾಹ ನೋಂದಣಿ ಪತ್ರ, ಪದವಿ ಪ್ರಮಾಣ ಪತ್ರ ಮುಂತಾದವುಗಳನ್ನು ಅಲ್ಲಿನ ಪ್ರಾಧಿಕಾರಗಳಿಗೆ ಹಾಜರುಪಡಿಸಬೇಕಾಗುತ್ತದೆ. ಭಾರತದ ಅಧಿಕಾರಿಯೊಬ್ಬರ ಸಹಿ ಮತ್ತು ಮೊಹರು ನೈಜವೇ ಎಂಬುದು ಅಲ್ಲಿನ ಅಧಿಕಾರಿಗೆ ತಿಳಿದಿರುವುದಿಲ್ಲ. ಅದನ್ನು ಖಚಿತಪಡಿಸುವ ಕ್ರಮವೇ ದೃಢೀಕರಣ. ಯಾವ ವಿಧದ ದೃಢೀಕರಣ ಬೇಕೆಂಬುದು ದಾಖಲೆಯನ್ನು ಬಳಸುವ ದೇಶವನ್ನು ಅವಲಂಬಿಸಿರುತ್ತದೆ.

ಅಪೊಸ್ಟಿಲ್: ಇದು ಫ್ರೆಂಚ್ ಮೂಲದ ಪದ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದ ಅನ್ವಯ ನೀಡಲಾಗುವ ಈ ಪ್ರಮಾಣೀಕರಣವನ್ನು ಒಪ್ಪಂದಕ್ಕೆ ಸೇರಿದ ಇತರ ದೇಶಗಳು ಮಾನ್ಯ ಮಾಡುತ್ತವೆ. ಆ ದೇಶದ ರಾಯಭಾರ ಕಚೇರಿಯ ಮೊಹರು ಪ್ರತ್ಯೇಕವಾಗಿ ಬೇಕಾಗುವುದಿಲ್ಲ. ಒಪ್ಪಂದವು ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯವಾಗಿದೆ. ಭಾರತದಲ್ಲಿ ಅಪೊಸ್ಟಿಲ್ ನೀಡುವ ಅಧಿಕಾರ ವಿದೇಶಾಂಗ ವ್ಯವಹಾರಗಳ ಸಚಿವಾಲಯಕ್ಕೆ ಸೇರಿದ್ದು. ಅದನ್ನು ಮೂಲ ದಾಖಲೆಗೇ ಅಂಟಿಸಲಾಗುತ್ತದೆ.

ರಾಯಭಾರ ಕಚೇರಿಯ ದೃಢೀಕರಣ: ಒಪ್ಪಂದಕ್ಕೆ ಸೇರದ ದೇಶಗಳಿಗೆ ಹಳೆಯ ಕ್ರಮವೇ ಅನ್ವಯ. ಸಚಿವಾಲಯವು ಸಾಮಾನ್ಯ ದೃಢೀಕರಣ ನೀಡಿದ ನಂತರ, ಸಂಬಂಧಪಟ್ಟ ದೇಶದ ರಾಯಭಾರ ಕಚೇರಿಯು ತನ್ನ ಮೊಹರು ಹಾಕತಕ್ಕದ್ದು. ಕರಾವಳಿ ಜಿಲ್ಲೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ತೆರಳುವವರು ಇಲ್ಲಿ ಎಡವುವ ಸಂಭವ ಹೆಚ್ಚು. ಒಮನ್ 2012ರಿಂದ, ಬಹರೈನ್ 2013ರಿಂದ, ಸೌದಿ ಅರೇಬಿಯಾ 2022ರಿಂದ ಅಪೊಸ್ಟಿಲ್ ವ್ಯವಸ್ಥೆಯಲ್ಲಿವೆ. ಕುವೈತ್, ಕತಾರ್ ಮತ್ತು ಸಂಯುಕ್ತ ಅರಬ್ ಸಂಸ್ಥಾನ ಸೇರಿಲ್ಲ. ಒಂದೇ ಪದವಿ ಪತ್ರ ಮಸ್ಕತ್‌ಗೆ ಒಂದು ರೀತಿ, ದುಬೈಗೆ ಇನ್ನೊಂದು ರೀತಿ ಸಿದ್ಧವಾಗಬೇಕು. ತಪ್ಪು ವಿಧ ಆಯ್ದುಕೊಂಡರೆ ಶುಲ್ಕವಷ್ಟೇ ಅಲ್ಲ, ಕೆಲಸಕ್ಕೆ ಹಾಜರಾಗಬೇಕಾದ ದಿನಾಂಕವೂ ಕೈತಪ್ಪಬಹುದು. ಕೆನಡಾ 2024ರ ಜನವರಿಯಿಂದ ಒಪ್ಪಂದದ ವ್ಯಾಪ್ತಿಗೆ ಬಂದಿರುವುದರಿಂದ ಅದಕ್ಕೂ ಹಿಂದಿನ ಸಲಹೆಗಳನ್ನು ಅನುಸರಿಸಬಾರದು. ಭಾರತದ ಸೇರ್ಪಡೆಗೆ ಜರ್ಮನಿಯು ಆಕ್ಷೇಪ ಸಲ್ಲಿಸಿತ್ತು. ಆದ್ದರಿಂದ ಅಲ್ಲಿಗೆ ಹೋಗುವವರು ಆ ದೇಶದ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಸೂಕ್ತ.

ಪೂರ್ವ ದೃಢೀಕರಣ: ಸಚಿವಾಲಯವು ದಾಖಲೆಯನ್ನು ನೇರವಾಗಿ ಪರಿಗಣಿಸುವುದಿಲ್ಲ. ಶೈಕ್ಷಣಿಕ ದಾಖಲೆಗಳನ್ನು ರಾಜ್ಯದ ಶಿಕ್ಷಣ ಇಲಾಖೆ, ವೈಯಕ್ತಿಕ ದಾಖಲೆಗಳನ್ನು ಗೃಹ ಅಥವಾ ಸಾಮಾನ್ಯ ಆಡಳಿತ ಇಲಾಖೆ, ವಾಣಿಜ್ಯ ದಾಖಲೆಗಳನ್ನು ವಾಣಿಜ್ಯೋದ್ಯಮ ಮಂಡಳಿ ಮೊದಲು ದೃಢೀಕರಿಸಬೇಕು. ಇಲ್ಲಿ ರಾಜ್ಯ ಎಂದರೆ ದಾಖಲೆ ನೀಡಿದ ರಾಜ್ಯ, ಅರ್ಜಿದಾರರು ವಾಸಿಸುವ ರಾಜ್ಯವಲ್ಲ. ಪುಣೆಯಲ್ಲಿ ಓದಿದ ಬೆಳಗಾವಿಯ ಅಭ್ಯರ್ಥಿಯ ಪದವಿ ಪತ್ರವು ಮಹಾರಾಷ್ಟ್ರದಲ್ಲೇ ಈ ಹಂತವನ್ನು ದಾಟಬೇಕು.

ದೃಢೀಕರಣದ ಮಿತಿ: ಅಪೊಸ್ಟಿಲ್ ಆಗಲಿ ರಾಯಭಾರ ಕಚೇರಿಯ ಮೊಹರಾಗಲಿ ದಾಖಲೆಯಲ್ಲಿರುವ ವಿಷಯ ಸತ್ಯವೆಂದು ಹೇಳುವುದಿಲ್ಲ. ಸಹಿ, ಸಹಿ ಮಾಡಿದವರ ಅಧಿಕಾರ ಮತ್ತು ಮೊಹರು, ಇಷ್ಟನ್ನೇ ಅದು ಪ್ರಮಾಣೀಕರಿಸುತ್ತದೆ. ಹೆಸರಿನ ಕಾಗುಣಿತ ಅಥವಾ ಜನ್ಮದಿನಾಂಕ ಪಾಸ್‌ಪೋರ್ಟಿಗೆ ಹೊಂದದಿದ್ದರೆ, ದೃಢೀಕರಣಕ್ಕೆ ಮುನ್ನವೇ ದಾಖಲೆ ನೀಡಿದ ಕಚೇರಿಯಲ್ಲಿ ತಿದ್ದುಪಡಿ ಮಾಡಿಸತಕ್ಕದ್ದು.

ರಾಯಭಾರ ಕಚೇರಿ, ಹೈಕಮಿಷನ್, ಕಾನ್ಸುಲೇಟ್: ಕಾಮನ್‌ವೆಲ್ತ್ ದೇಶಗಳು ಪರಸ್ಪರ ಹೊಂದಿರುವ ರಾಯಭಾರ ಕಚೇರಿಗೆ ಹೈಕಮಿಷನ್ ಎಂದು ಹೆಸರು, ಕಾರ್ಯದಲ್ಲಿ ವ್ಯತ್ಯಾಸವಿಲ್ಲ. ಎರಡೂ ರಾಜಧಾನಿಯಲ್ಲಿರುತ್ತವೆ. ಕಾನ್ಸುಲೇಟ್ ಇತರ ನಗರಗಳಲ್ಲಿದ್ದು, ವೀಸಾ, ಪಾಸ್‌ಪೋರ್ಟ್ ಹಾಗೂ ದಾಖಲೆಗಳ ಕೆಲಸ ನೋಡಿಕೊಳ್ಳುತ್ತದೆ. ಆದರೆ ಪ್ರತಿಯೊಂದು ಕಾನ್ಸುಲೇಟ್ ಎಲ್ಲ ಸೇವೆಗಳನ್ನೂ ನೀಡುವುದಿಲ್ಲ. ಈ ಕಚೇರಿಗಳೇ ಹೊರಡಿಸಿದ ಪತ್ರಗಳಿಗೆ ಹೇಗ್ ಒಪ್ಪಂದ ಅನ್ವಯಿಸದ ಕಾರಣ, ಅವುಗಳಿಗೆ ಅಪೊಸ್ಟಿಲ್ ಕೋರಿ ಅರ್ಜಿ ಸಲ್ಲಿಸುವಂತಿಲ್ಲ.